ಕರುಳಿನಲ್ಲಿ ಹುಟ್ಟಿ ತಲೆಗೇರುವ ಮಂಕು: ಲಿವರ್ ರೋಗ, ಸೂಕ್ಷ್ಮಜೀವಿಗಳು ಮತ್ತು ನಮ್ಮ ತೊಗರಿ ಸೀಮೆ

ವರ್ಷಗಟ್ಟಲೆ ಕಾಮಣಿ, ಕಾಲು ಬಾವು, ಹೊಟ್ಟೆಯಲ್ಲಿ ನೀರು ಎಂದು ದವಾಖಾನೆಗೆ ಅಲೆಯುತ್ತಿದ್ದ ಮನುಷ್ಯ ಒಂದು ದಿನ ಮನೆಯವರಿಗೇ ಬೇರೆಯವನಂತೆ ಕಾಣತೊಡಗುತ್ತಾನೆ. ಹಗಲೆಲ್ಲ ತೂಕಡಿಸುತ್ತಾನೆ, ರಾತ್ರಿಯೆಲ್ಲ ಎದ್ದು ಓಡಾಡುತ್ತಾನೆ. ಕೇಳಿದ್ದೊಂದು, ಹೇಳುವುದೊಂದು. ಬ್ಯಾಂಕಿನಲ್ಲಿ ಹಾಕಿದ ಸಹಿ ಹಳೆಯ ಸಹಿಗೆ ತಾಳೆಯಾಗುವುದಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳು ಮಾತು ಕೇಳುವುದಿಲ್ಲ. ಕೊನೆಗೆ ಎಬ್ಬಿಸಿದರೂ ಏಳದಂತೆ ಮಲಗಿಬಿಡುತ್ತಾನೆ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಮನೆಗಳಲ್ಲಿ ಇದಕ್ಕೆ ಮೂರು ಬಗೆಯ ವಿವರಣೆ ಸಿಗುತ್ತದೆ. “ತಲಿ ಕೆಟ್ಟದ್ರೀ” ಎನ್ನುವವರು ಕೆಲವರು. “ಗಾಳಿ ಸೋಕ್ಯಾದ” ಎಂದು ಗಾಣಗಾಪುರಕ್ಕೆ ಕರೆದೊಯ್ಯುವವರು ಕೆಲವರು. “ಕದ್ದು ಕುಡದಾನ” ಎಂದು ಕೈಬಿಡುವವರು ಇನ್ನು ಕೆಲವರು. ವೈದ್ಯರು ಇದನ್ನು ಹೆಪ್ಯಾಟಿಕ್ ಎನ್‌ಸೆಫಲೋಪತಿ ಎನ್ನುತ್ತಾರೆ. ಸಿರೋಸಿಸ್ ಅಂದರೆ ಲಿವರ್ ಗಂಟುಗಟ್ಟಿ ಕುಗ್ಗಿದ ಸ್ಥಿತಿ. ಆ ಸ್ಥಿತಿ ತಲುಪಿದವರಲ್ಲಿ ನೂರಕ್ಕೆ 30ರಿಂದ 40 ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಈ ಮಂಕು ಕವಿಯುತ್ತದೆ. ಇದರ ಬೇರು ಬಹುಪಾಲು ಕರುಳಿನಲ್ಲಿದೆ. ಹೊತ್ತಿಗೆ ಸರಿಯಾಗಿ ಗುರುತಿಸಿದರೆ ಹೆಚ್ಚಿನ ಸಲ ಇದು ಇಳಿಯುತ್ತದೆ. ಮರಳಿ ಬಾರದಂತೆ ಕಾಯುವ ಕೆಲಸದ ದೊಡ್ಡ ಪಾಲು ಆಗುವುದು ಮನೆಯಲ್ಲಿ. ಈ ಮೂರು ಮಾತು ಎಲ್ಲ ಮನೆಗಳಿಗೂ ಮುಟ್ಟಬೇಕು ಎಂಬುದೇ ಈ ಸಮೀಕ್ಷೆಯ ಉದ್ದೇಶ.

ನಾಯಿಗಳ ಮೇಲಿನ ಪ್ರಯೋಗದಿಂದ ಶುರು

1877ರಲ್ಲಿ ರಷ್ಯಾದ ಸೇನಾ ಶಸ್ತ್ರವೈದ್ಯ ನಿಕೊಲಾಯ್ ಎಕ್, ಕರುಳಿನಿಂದ ಲಿವರಿಗೆ ಹೋಗುವ ಪೋರ್ಟಲ್ ರಕ್ತನಾಳವನ್ನು ನಾಯಿಗಳಲ್ಲಿ ನೇರವಾಗಿ ಹೃದಯದ ಕಡೆ ಹೋಗುವ ದೊಡ್ಡ ನಾಳಕ್ಕೆ ಜೋಡಿಸಿದ. ಇವಾನ್ ಪಾವ್ಲೋವ್, ನೆಂಕಿ ಮತ್ತು ಸಂಗಡಿಗರು ಅದನ್ನೇ ಮುಂದುವರಿಸಿ 1893ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಹೀಗೆ ಲಿವರನ್ನು ತಪ್ಪಿಸಿ ರಕ್ತ ಹರಿಸಿದ ನಾಯಿಗಳು ಮಾಂಸ ತಿಂದಾಗ ತೂರಾಡುತ್ತಿದ್ದವು, ಕೆರಳುತ್ತಿದ್ದವು, ಎಚ್ಚರ ತಪ್ಪುತ್ತಿದ್ದವು. ಕರುಳಿನಲ್ಲಿ ಹುಟ್ಟುವ ಏನೋ ಒಂದು ಲಿವರಿನಲ್ಲಿ ಶುದ್ಧವಾಗದೆ ಮಿದುಳನ್ನು ತಲುಪುತ್ತಿದೆ ಎಂಬ ಸುಳಿವು ಸಿಕ್ಕಿದ್ದು ಅಲ್ಲಿ. ಆ ‘ಏನೋ ಒಂದು’ ಅಮೋನಿಯಾ ಇರಬಹುದೆಂದು ಅವರು ಅಂದೇ ಊಹಿಸಿದ್ದರು. ಲಿವರ್ ಅಮೋನಿಯಾವನ್ನು ಯೂರಿಯಾ ಆಗಿ ಬದಲಿಸಿ ಮೂತ್ರದಲ್ಲಿ ಹೊರಹಾಕಲು ಅನುವು ಮಾಡುವ ಬಗೆಯನ್ನು ಹಾನ್ಸ್ ಕ್ರೆಬ್ಸ್ 1932ರಲ್ಲಿ ಬಿಡಿಸಿ ತೋರಿಸಿದ.

1952ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಸಾಕ್ಷ್ಯ ಕೊಟ್ಟರು. ಹೊಟ್ಟೆಯ ನೀರು ಇಳಿಸಲೆಂದು ಅಮೋನಿಯಂ ಇರುವ ಔಷಧ ಪಡೆದ ಸಿರೋಸಿಸ್ ರೋಗಿಗಳಿಗೆ ಮಂಕು ಕವಿಯುತ್ತಿತ್ತು, ಔಷಧ ನಿಲ್ಲಿಸಿದರೆ ತಿಳಿಯಾಗುತ್ತಿತ್ತು. 1954ರಲ್ಲಿ ಲಂಡನ್ನಿನ ಶೀಲಾ ಶೆರ್ಲಾಕ್ ಮತ್ತು ಸಂಗಡಿಗರು ಈ ರೋಗಕ್ಕೆ ಸ್ಪಷ್ಟ ಚೌಕಟ್ಟು ಕೊಟ್ಟರು. ಕರುಳಿನ ಬ್ಯಾಕ್ಟೀರಿಯಾಗಳನ್ನು ಅಡಗಿಸುವ ಆಂಟಿಬಯಾಟಿಕ್ ಕೊಟ್ಟರೆ ಮಿದುಳು ಚೇತರಿಸಿಕೊಳ್ಳುತ್ತದೆ ಎಂಬುದು ಅಲ್ಲಿಂದ ಮುಂದೆ ಗಟ್ಟಿಯಾಯಿತು. ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯೂ ಆ ಕಾಲದಲ್ಲಿ ನಡೆಯಿತು. ಕೆಲವರ ತಲೆ ತಿಳಿಯಾಯಿತು, ಆದರೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯನ್ನು ತಾಳುವ ಶಕ್ತಿ ಆ ದೇಹಗಳಿಗೆ ಇರಲಿಲ್ಲ.

ಅಮೋನಿಯಾ ಹಿಡಿಯುವ ದಾರಿ

ದೊಡ್ಡ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬಳಿ ಯೂರಿಯೇಸ್ ಎಂಬ ಕಿಣ್ವ ಇದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಉಂಡ ಅನ್ನದ ಪ್ರೋಟೀನ್, ಕರುಳಿನೊಳಗೆ ಸೋರಿದ ರಕ್ತ, ಇವೂ ಅಮೋನಿಯಾಕ್ಕೆ ಮೂಲ. ಇವೆಲ್ಲವನ್ನೂ ಹೊತ್ತ ರಕ್ತ ಪೋರ್ಟಲ್ ನಾಳದ ಮೂಲಕ ಲಿವರಿಗೆ ಬರುತ್ತದೆ. ಮುಂಬೈ, ಚೆನ್ನೈ, ಸಿಕಂದರಾಬಾದ್ ಕಡೆಯ ಗಾಡಿಗಳೆಲ್ಲ ವಾಡಿ ಜಂಕ್ಷನ್ನಿಗೆ ಬಂದು ಹಾಯುವಂತೆ, ಕರುಳಿನ ರಕ್ತವೆಲ್ಲ ಲಿವರನ್ನು ಹಾಯ್ದೇ ಹೋಗಬೇಕು. ಸಿರೋಸಿಸ್‌ನಲ್ಲಿ ಎರಡು ಅನಾಹುತ ಒಟ್ಟಿಗೇ ಆಗುತ್ತವೆ. ಅಮೋನಿಯಾವನ್ನು ಯೂರಿಯಾ ಮಾಡುವ ಜೀವಕೋಶಗಳು ಸಾಯುತ್ತವೆ. ಗಟ್ಟಿಯಾದ ಲಿವರಿನೊಳಗೆ ನುಗ್ಗಲಾಗದ ರಕ್ತ ಅನ್ನನಾಳ, ಗುಲ್ಮ, ಹೊಕ್ಕುಳಿನ ಸುತ್ತ ಅಡ್ಡದಾರಿ ಹುಡುಕಿಕೊಂಡು ಶುದ್ಧವಾಗದೆ ನೇರ ಹೃದಯಕ್ಕೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ.

ಮಿದುಳಿನಲ್ಲಿ ನರಕೋಶಗಳ ಆರೈಕೆ ನೋಡಿಕೊಳ್ಳುವ ಆಸ್ಟ್ರೋಸೈಟ್ ಎಂಬ ಕೋಶಗಳಿವೆ. ಅಮೋನಿಯಾವನ್ನು ಗ್ಲುಟಮೈನ್ ಆಗಿ ಬದಲಿಸುವ ಶಕ್ತಿ ಮಿದುಳಿನಲ್ಲಿ ಇರುವುದು ಇವಕ್ಕೇ. ಅಮೋನಿಯಾ ಹೆಚ್ಚಿದಂತೆ ಒಳಗೆ ಗ್ಲುಟಮೈನ್ ತುಂಬಿ, ಅದರ ಜೊತೆ ನೀರು ಎಳೆದುಕೊಂಡು ಕೋಶ ಊದಿಕೊಳ್ಳುತ್ತದೆ. ನರಕೋಶಗಳ ನಡುವಿನ ಸಂದೇಶ ತೊದಲತೊಡಗುತ್ತದೆ. ನಿದ್ದೆಯ ಲಯ ತಪ್ಪುವುದು, ಗಮನ ನಿಲ್ಲದಿರುವುದು, ಕೈ ನಡುಗುವುದು, ಕೊನೆಗೆ ಕೋಮಾ, ಎಲ್ಲ ಇದೇ ಏಣಿಯ ಮೆಟ್ಟಿಲುಗಳು. ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ಎಣಿಸುತ್ತಾರೆ.

ಅಮೋನಿಯಾ ಒಂದನ್ನೇ ದೂರಿದರೆ ಚಿತ್ರ ಪೂರ್ತಿಯಾಗುವುದಿಲ್ಲ. 1971ರಲ್ಲಿ ಬ್ಯಾಕ್ಟೀರಿಯಾ ಸೋಂಕದಂತೆ ಬೆಳೆಸಿದ ನಾಯಿಗಳಿಗೆ ಎಕ್‌ನ ಶಸ್ತ್ರಚಿಕಿತ್ಸೆ ಮಾಡಿದಾಗ ಅವಕ್ಕೂ ಮಂಕು ಕವಿಯಿತು. ಕಾರಣ, ಕರುಳಿನ ಗೋಡೆಯೂ ಗ್ಲುಟಮೈನ್ ಸುಟ್ಟು ತಾನಾಗಿಯೇ ಅಮೋನಿಯಾ ಮಾಡುತ್ತದೆ. ಹಾಗಾದರೆ ಬ್ಯಾಕ್ಟೀರಿಯಾಗಳ ಪಾತ್ರವೇನು? ಅಮೆರಿಕದ ರಿಚ್‌ಮಂಡ್‌ನ ಜಸ್‌ಮೋಹನ್ ಬಜಾಜ್ ಅವರ ತಂಡ ಇಲಿಗಳಲ್ಲಿ ಇದಕ್ಕೆ ಉತ್ತರ ಹುಡುಕಿತು. ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳಿಗೆ ಸಿರೋಸಿಸ್ ಬಂದಾಗ ರಕ್ತದ ಅಮೋನಿಯಾ ಏರಿತು, ಆದರೆ ಮಿದುಳಿನಲ್ಲಿ ಉರಿಯೂತ ಕಾಣಲಿಲ್ಲ. ಮಂಕು ಕವಿದ ರೋಗಿಗಳ ಮಲದ ಸೂಕ್ಷ್ಮಜೀವಿಗಳನ್ನು ಅಂಥ ಜೀವಿಗಳಿಲ್ಲದ ಇಲಿಗಳ ಕರುಳಿಗೆ ಸೇರಿಸಿದಾಗ ಉರಿಯೂತ ಕಾಣಿಸಿತು. ಸೋರುವ ಕರುಳಿನಿಂದ ರಕ್ತಕ್ಕೆ ಇಳಿಯುವ ಬ್ಯಾಕ್ಟೀರಿಯಾದ ಚೂರುಗಳು ಇಡೀ ದೇಹವನ್ನು ಉರಿಯೂತಕ್ಕೆ ತಳ್ಳುತ್ತವೆ, ಆ ಉರಿಯೂತ ಅಮೋನಿಯಾದ ಏಟನ್ನು ಹೆಚ್ಚಿಸುತ್ತದೆ. ರಕ್ತದಲ್ಲಿ ಅಮೋನಿಯಾ ಒಂದೇ ಮಟ್ಟದಲ್ಲಿರುವ ಇಬ್ಬರಲ್ಲಿ ಒಬ್ಬ ಎಚ್ಚರವಾಗಿರುವುದು, ಕಫವೋ ಮೂತ್ರದ ಸೋಂಕೋ ಇರುವ ಇನ್ನೊಬ್ಬ ಕೋಮಾಕ್ಕೆ ಜಾರುವುದು ಇದರಿಂದಲೇ.

ಬಾಯಿಯ ಜೀವಿಗಳು ಕರುಳಿಗೆ ಇಳಿದಾಗ

2014ರಲ್ಲಿ ಚೀನಾದ ವಿಜ್ಞಾನಿಗಳು 98 ಸಿರೋಸಿಸ್ ರೋಗಿಗಳ ಕರುಳಿನ ಜೀವಿಗಳನ್ನು 83 ಆರೋಗ್ಯವಂತರ ಜೀವಿಗಳ ಜೊತೆ ಹೋಲಿಸಿದರು. ರೋಗಿಗಳಲ್ಲಿ ಹೆಚ್ಚಿದ್ದ, ಗುರುತು ಹಿಡಿಯಲಾದ ಪ್ರಭೇದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಯಿಯಲ್ಲಿ ವಾಸಿಸುವಂಥವು. ಲಿವರ್ ಕೆಟ್ಟಾಗ ಪಿತ್ತರಸದ ಹರಿವು ತಗ್ಗುತ್ತದೆ, ಕೆಟ್ಟ ಜೀವಿಗಳನ್ನು ತಡೆಯುವ ಅದರ ಗುಣವೂ ತಗ್ಗುತ್ತದೆ. ಹೀಗೆ ಕರುಳಿಗೆ ಇಳಿದು ಬೆಳೆಯುವವುಗಳಲ್ಲಿ ಯೂರಿಯೇಸ್ ಇರುವ ಸ್ಟ್ರೆಪ್ಟೊಕಾಕಸ್ ಸಲಿವೇರಿಯಸ್ ಕೂಡ ಒಂದು. ಒಸಡಿನ ರೋಗಕ್ಕೆ ಚಿಕಿತ್ಸೆ ಮಾಡಿದಾಗ ಸಿರೋಸಿಸ್ ರೋಗಿಗಳ ಉರಿಯೂತ ತಗ್ಗಿ ತಲೆಯೂ ಚುರುಕಾದದ್ದನ್ನು ಬಜಾಜ್ ತಂಡ ಕಂಡಿದೆ. ಗುಟ್ಕಾ, ತಂಬಾಕು ಒಸಡನ್ನು ತಿಂದುಹಾಕುತ್ತಿರುವ ನಮ್ಮ ಗಣಿ ಊರುಗಳಲ್ಲಿ ಹಲ್ಲಿನ ಡಾಕ್ಟರರನ್ನು ಲಿವರ್ ಚಿಕಿತ್ಸೆಯಿಂದ ಹೊರಗಿಡುವಂತಿಲ್ಲ.

ಹೊಟ್ಟೆಯ ಆಮ್ಲ ಈ ಜೀವಿಗಳಿಗೆ ಮೊದಲ ತಡೆ. ಅದನ್ನೇ ಅಡಗಿಸುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ‘ಗ್ಯಾಸ್ ಮಾತ್ರೆ’ಗಳನ್ನು ತಿಂಗಳುಗಟ್ಟಲೆ ನುಂಗುವ ಸಿರೋಸಿಸ್ ರೋಗಿಗಳಲ್ಲಿ ಮಂಕೂ ಸೋಂಕೂ ಹೆಚ್ಚು ಎಂದು ಹಲವು ಅಧ್ಯಯನಗಳು ತೋರಿಸಿವೆ. ವೈದ್ಯರು ಹೇಳಿದ್ದರೆ ತೆಗೆದುಕೊಳ್ಳಬೇಕು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ಸುಮ್ಮನೆ ನುಂಗುವ ರೂಢಿ ಬಿಡಬೇಕು.

ಸಿಹಿ ಔಷಧ ಮತ್ತು ಅದರ ಜೊತೆಗಾರ

1966ರಿಂದ ಬಳಕೆಯಲ್ಲಿರುವ ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಇಂದು ಈ ರೋಗದ ಮೊದಲ ಔಷಧ. ನಮ್ಮ ದೇಹಕ್ಕೆ ಅದನ್ನು ಅರಗಿಸಲಾಗುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಆಗುತ್ತದೆ. ಅವು ಅದನ್ನು ಹುದುಗಿಸಿ ಆಮ್ಲ ಮಾಡುತ್ತವೆ. ಆಮ್ಲದ ನಡುವೆ ಅಮೋನಿಯಾ ರಕ್ತಕ್ಕೆ ಜಾರಲಾಗದ ರೂಪ ತಾಳಿ ಕರುಳಿನಲ್ಲೇ ಸಿಕ್ಕಿಬೀಳುತ್ತದೆ, ಆಮೇಲೆ ಮಲದ ಜೊತೆ ಹೊರಗೆ ಹೋಗುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಸಂಡಾಸ್ ಆಗುವಷ್ಟು ಪ್ರಮಾಣ ಸರಿಯಾದ ಪ್ರಮಾಣ. ಒಬ್ಬರಿಗೆ ಅದು ಎರಡು ಮುಚ್ಚಳ, ಇನ್ನೊಬ್ಬರಿಗೆ ನಾಲ್ಕು.

ಬಾಟಲಿಯ ಮೇಲಿನ ಅಕ್ಷರಕ್ಕಿಂತ ಸಂಡಾಸಿನ ಲೆಕ್ಕವೇ ಇಲ್ಲಿ ಮುಖ್ಯ ಎಂಬುದನ್ನು ರೋಗಿಯ ಹೆಂಡತಿಗೋ ಮಗನಿಗೋ ಬಿಡಿಸಿ ಹೇಳುವವರು ಕಡಿಮೆ. ಹೇಳದಿದ್ದರೆ ಎರಡು ತಪ್ಪುಗಳಾಗುತ್ತವೆ. “ಭೇದಿ ಹತ್ಯಾದ, ಬಂದ್ ಮಾಡಿದ್ವಿ” ಎನ್ನುವುದು ಮೊದಲನೆಯದು. ಒಂದು ವಾರದಲ್ಲಿ ರೋಗಿ ಮತ್ತೆ ಮಂಕಾಗುತ್ತಾನೆ. ಬೇಗ ಗುಣವಾಗಲಿ ಎಂದು ಹೆಚ್ಚು ಕುಡಿಸುವುದು ಎರಡನೆಯದು. ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಬಿಸಿಲಲ್ಲಿ ಆರೇಳು ಸಲ ಭೇದಿಯಾದ ಸಿರೋಸಿಸ್ ರೋಗಿಯ ದೇಹ ಒಣಗುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ, ಅದರಿಂದಲೇ ಮಂಕು ಮರಳುತ್ತದೆ. ಪ್ರಮಾಣ ತಗ್ಗಿಸಬೇಕು, ನಿಲ್ಲಿಸಬಾರದು.

ಇದರ ಬಗ್ಗೆ ಗಟ್ಟಿಯಾದ ಸಾಕ್ಷ್ಯ ನಮ್ಮ ದೇಶದಿಂದಲೇ ಬಂದಿದೆ. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಮ್ಮೆ ಮಂಕಾಗಿ ಚೇತರಿಸಿಕೊಂಡವರ ಪೈಕಿ ಲ್ಯಾಕ್ಟುಲೋಸ್ ಮುಂದುವರಿಸಿದವರಲ್ಲಿ ಶೇ 19.6 ಮಂದಿಗೆ ಅದು ಮರುಕಳಿಸಿತು, ಮುಂದುವರಿಸದವರಲ್ಲಿ ಶೇ 46.8 ಮಂದಿಗೆ. ಕರುಳಿನಲ್ಲೇ ಉಳಿದು ಕೆಲಸ ಮಾಡುವ ರಿಫ್ಯಾಕ್ಸಿಮಿನ್ ಎಂಬ ಆಂಟಿಬಯಾಟಿಕ್ 2010ರಲ್ಲಿ ಇದರ ಜೊತೆಗೂಡಿತು. 299 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಹೆಚ್ಚಿನವರು ಲ್ಯಾಕ್ಟುಲೋಸ್ ಕೂಡ ತೆಗೆದುಕೊಳ್ಳುತ್ತಿದ್ದರು. ಆರು ತಿಂಗಳಲ್ಲಿ ಮರುಕಳಿಸಿದ್ದು ರಿಫ್ಯಾಕ್ಸಿಮಿನ್ ಪಡೆದವರಲ್ಲಿ ಶೇ 22.1, ಪಡೆಯದವರಲ್ಲಿ ಶೇ 45.9. 2013ರಲ್ಲಿ ಪಂತ್ ಆಸ್ಪತ್ರೆಯವರೇ ಆಸ್ಪತ್ರೆಗೆ ದಾಖಲಾದ 120 ಮಂದಿಯಲ್ಲಿ ಎರಡೂ ಔಷಧ ಕೂಡಿಸಿ ಕೊಟ್ಟು ನೋಡಿದರು. ಪೂರ್ತಿ ಎಚ್ಚರಕ್ಕೆ ಬಂದವರು ಶೇ 76. ಲ್ಯಾಕ್ಟುಲೋಸ್ ಒಂದೇ ಪಡೆದವರಲ್ಲಿ ಶೇ 50.8. ರಿಫ್ಯಾಕ್ಸಿಮಿನ್ ದುಬಾರಿ, ಲ್ಯಾಕ್ಟುಲೋಸ್ ಅಗ್ಗ. ಲ್ಯಾಕ್ಟುಲೋಸ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಯಾವತ್ತೂ ಖಾಲಿಯಾಗಬಾರದು.

ತೊಗರಿಯ ನಾಡಿನಲ್ಲಿ ಬೇಳೆ ಬಿಡಿಸುವುದು

ಪಾವ್ಲೋವನ ನಾಯಿಗಳು ಮಾಂಸ ತಿಂದು ಮಂಕಾದವು ಎಂಬುದೂ ಒಂದು ಕಾರಣವಾಗಿ ದಶಕಗಳ ಕಾಲ ಲಿವರ್ ರೋಗಿಗಳಿಗೆ ಪ್ರೋಟೀನ್ ನಿಲ್ಲಿಸಲಾಯಿತು. ಇವತ್ತಿಗೂ ಕಾಮಣಿ ಎಂದ ಕೂಡಲೇ ಬೇಳೆ, ಹಾಲು, ಶೇಂಗಾ, ಮೊಟ್ಟೆ ಬಿಡಿಸಿ ಗಂಜಿ, ಕಬ್ಬಿನ ಹಾಲು, ಗ್ಲೂಕೋಸ್ ನೀರಿನ ಮೇಲೆ ಇಡುವ ಮನೆಗಳಿವೆ. ಇದು ರೋಗಿಗೆ ಮಾಡುವ ದೊಡ್ಡ ಅನ್ಯಾಯ. ಲಿವರ್ ಕೈಬಿಟ್ಟಾಗ ಅಮೋನಿಯಾವನ್ನು ಹಿಡಿದು ಗ್ಲುಟಮೈನ್ ಮಾಡುವ ಎರಡನೆಯ ಅಂಗ ಮಾಂಸಖಂಡ. ಪ್ರೋಟೀನ್ ನಿಲ್ಲಿಸಿದರೆ ದೇಹ ತನ್ನ ಮಾಂಸಖಂಡವನ್ನೇ ತಿನ್ನುತ್ತದೆ, ತೋಳು ತೊಡೆ ಸೊರಗುತ್ತವೆ, ಅಮೋನಿಯಾ ಇನ್ನೂ ಏರುತ್ತದೆ. 2004ರಲ್ಲಿ ಸ್ಪೇನ್‌ನ ವೈದ್ಯರು ಮಂಕಿನಿಂದ ದಾಖಲಾದ ರೋಗಿಗಳಲ್ಲಿ ಕೆಲವರಿಗೆ ಪ್ರೋಟೀನ್ ತಗ್ಗಿಸಿ, ಕೆಲವರಿಗೆ ಮಾಮೂಲಿನಂತೆ ಕೊಟ್ಟು ನೋಡಿದರು. ತಗ್ಗಿಸಿದ್ದರಿಂದ ಏನೂ ಲಾಭವಾಗಲಿಲ್ಲ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಎಂಬುದು ಈಗಿನ ಅಂತರರಾಷ್ಟ್ರೀಯ ಸಲಹೆ. ಸಸ್ಯಮೂಲದ ಮತ್ತು ಹಾಲಿನ ಪ್ರೋಟೀನ್ ಈ ರೋಗಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕಾಳಿನ ನಾರು ಮಲಬದ್ಧತೆಯನ್ನೂ ತಡೆಯುತ್ತದೆ.

60 ಕಿಲೋ ತೂಕದವರಿಗೆ ಅಂದಾಜು 72 ಗ್ರಾಂ ಪ್ರೋಟೀನ್ ಎಂದಿಟ್ಟುಕೊಳ್ಳಿ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ. ಮುನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 30. ಅರ್ಧ ಲೀಟರ್ ಹಾಲು ಅಥವಾ ಮೊಸರಿನಲ್ಲಿ 16. ಒಂದು ಹಿಡಿ ಶೇಂಗಾದಲ್ಲಿ 6. ಲೆಕ್ಕ ತುಂಬಿತು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿ, ಹಿತ್ತಲಿನ ಜೋಳ, ಮನೆಯ ಮಜ್ಜಿಗೆ ಸೇರಿದರೆ ಆ ಅಂತರರಾಷ್ಟ್ರೀಯ ಸಲಹೆ ಪೂರ್ತಿ ಪಾಲನೆಯಾಗುತ್ತದೆ. ಗಮನವಿಡಬೇಕಾದದ್ದು ಉಪ್ಪಿನ ಮೇಲೆ: ಹೊಟ್ಟೆಯಲ್ಲಿ ನೀರಿರುವವರಿಗೆ ಉಪ್ಪಿನಕಾಯಿ, ಹಪ್ಪಳ, ಉಪ್ಪು ಹೆಚ್ಚಿರುವ ಶೇಂಗಾ ಚಟ್ನಿ ಬೇಡ. ರಾತ್ರಿ ಮಲಗುವ ಮುಂಚೆ ಅರ್ಧ ರೊಟ್ಟಿ, ಮೊಸರು ಬೇಕು. ಸಿರೋಸಿಸ್ ರೋಗಿಯ ದೇಹ ಒಂದು ರಾತ್ರಿಯ ಉಪವಾಸದಲ್ಲೇ ಮಾಂಸಖಂಡ ಕರಗಿಸಲು ಶುರು ಮಾಡುತ್ತದೆ. ರಂಜಾನ್ ರೋಜಾ, ಶ್ರಾವಣ ಸೋಮವಾರದ ಉಪವಾಸ ಮಾಡುವ ಮುಂಚೆ ವೈದ್ಯರನ್ನು ಕೇಳಲೇಬೇಕು.

ಮೊಸರು ಮಜ್ಜಿಗೆಯ ಬಗ್ಗೆ ಒಂದು ಮಾತು. 2018ರಲ್ಲಿ ಟರ್ಕಿ ಮತ್ತು ಅಮೆರಿಕದ ಸಿರೋಸಿಸ್ ರೋಗಿಗಳನ್ನು ಹೋಲಿಸಿದಾಗ, ಹುದುಗಿಸಿದ ಹಾಲು, ತರಕಾರಿ, ಚಹಾ, ಕಾಫಿಯ ಊಟದ ಟರ್ಕಿಯವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತ್ತು, ಆಸ್ಪತ್ರೆ ಸೇರುವ ಪ್ರಮೇಯ ಕಡಿಮೆಯಿತ್ತು. 2014ರಲ್ಲಿ ಚಂಡೀಗಢದ ಪಿಜಿಐ ವೈದ್ಯರು ಪ್ರೋಬಯಾಟಿಕ್ ಪುಡಿ ಕೊಟ್ಟು ಮಂಕಿನಿಂದ ದಾಖಲಾಗುವುದು ತಗ್ಗಿದ್ದನ್ನು ತೋರಿಸಿದರು. ಇವು ಲ್ಯಾಕ್ಟುಲೋಸ್‌ಗೆ ಬದಲಿಯಲ್ಲ, ಅದರ ಜೊತೆಗೆ ನಡೆಯಬೇಕಾದವು.

ಇನ್ನೊಬ್ಬರ ಕರುಳಿನ ಸೂಕ್ಷ್ಮಜೀವಿ

ಆರೋಗ್ಯವಂತ ದಾನಿಯ ಮಲದಿಂದ ಸೂಕ್ಷ್ಮಜೀವಿಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ ಈಗ ಹೆಚ್ಚು ಚರ್ಚೆಯಲ್ಲಿದೆ. 2017ರಲ್ಲಿ ಬಜಾಜ್ ತಂಡ 20 ಮಂದಿಯಲ್ಲಿ ಇದನ್ನು ಪರೀಕ್ಷಿಸಿತು. ಐದು ತಿಂಗಳಲ್ಲಿ ಮಾಮೂಲಿ ಚಿಕಿತ್ಸೆಯ ಹತ್ತು ಮಂದಿಯಲ್ಲಿ ಐವರಿಗೆ ಮಂಕು ಮರುಕಳಿಸಿತು, ಮಲದ ಕಸಿ ಪಡೆದವರಲ್ಲಿ ಯಾರಿಗೂ ಇಲ್ಲ. ಅದೇ ವರ್ಷ ದೆಹಲಿಯ ಐಎಲ್‌ಬಿಎಸ್ ವೈದ್ಯರು ಮದ್ಯದಿಂದ ತೀವ್ರ ಹೆಪಟೈಟಿಸ್ ಆದ ಎಂಟು ಮಂದಿಯಲ್ಲಿ ಇದನ್ನೇ ಪ್ರಯತ್ನಿಸಿ ಆಶಾದಾಯಕ ಫಲಿತಾಂಶ ವರದಿ ಮಾಡಿದರು. 2019ರ ವರದಿಯೊಂದರ ಪ್ರಕಾರ, ಅಮೆರಿಕದಲ್ಲಿ ದಾನಿಯೊಬ್ಬರ ಮಲದಲ್ಲಿದ್ದ, ಔಷಧಕ್ಕೆ ಬಗ್ಗದ ಇ. ಕೋಲಿ ಇಬ್ಬರು ರೋಗಿಗಳ ರಕ್ತಕ್ಕೆ ಇಳಿಯಿತು, ಒಬ್ಬರು ತೀರಿಕೊಂಡರು. ಬದುಕುಳಿದವರು ಈ ಮಂಕಿಗೇ ಚಿಕಿತ್ಸೆ ಪಡೆಯುತ್ತಿದ್ದ ಸಿರೋಸಿಸ್ ರೋಗಿ. ಹಾಗಾಗಿ ದಾನಿಯನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವ ಸಂಶೋಧನಾ ಕೇಂದ್ರಗಳ ಹೊರಗೆ ಇದು ಬೇಡ. ರೋಗವನ್ನು ಬುಡದಿಂದ ಗುಣಪಡಿಸುವುದು ಲಿವರ್ ಕಸಿ ಒಂದೇ.

ನಮ್ಮ ಸೀಮೆಯ ಕಿಡಿಗಳು

ಮಂಕು ಸಾಮಾನ್ಯವಾಗಿ ಯಾವುದೋ ಒಂದು ಕಿಡಿ ತಗಲಿ ಹತ್ತಿಕೊಳ್ಳುತ್ತದೆ. ಮಲಬದ್ಧತೆ, ಸೋಂಕು, ಕಪ್ಪು ಸಂಡಾಸ್ ಅಥವಾ ರಕ್ತವಾಂತಿ, ನೀರಿಳಿಸುವ ಮಾತ್ರೆ ಹೆಚ್ಚಾಗುವುದು, ನಿದ್ದೆ ಗುಳಿಗೆ, ಎಲ್ಲ ಊರಿನ ವೈದ್ಯರಿಗೂ ಗೊತ್ತಿರುವ ಕಿಡಿಗಳು. ನಮ್ಮ ಕಡೆ ಇನ್ನೆರಡು ಸೇರುತ್ತವೆ.

ಮೊದಲನೆಯದು ಬಿಸಿಲು. ಶಹಾಬಾದ್ ಕಲ್ಲಿನ ಗಣಿಗಳಲ್ಲಿ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಸುತ್ತ ದಿನಗೂಲಿ ಮಾಡುವವರು ರೋಗ ಇಟ್ಟುಕೊಂಡೇ ಬಿಸಿಲಿಗೆ ಹೋಗುತ್ತಾರೆ, ಕೂಲಿ ಬಿಟ್ಟರೆ ಒಲೆ ಹೊತ್ತುವುದಿಲ್ಲ. ಮೈಯ ನೀರು ಆರಿದಷ್ಟೂ ಮಂಕು ಹತ್ತಿರವಾಗುತ್ತದೆ. ಎರಡನೆಯದು ಸೇಂದಿ. 2007ರ ಜುಲೈ 1ರಿಂದ ಸಾರಾಯಿ ನಿಂತರೂ ಅಗ್ಗದ ಮದ್ಯ ನಿಲ್ಲಲಿಲ್ಲ. ತೆಲಂಗಾಣಕ್ಕೆ ಅಂಟಿಕೊಂಡ ಚಿಂಚೋಳಿ, ಸೇಡಂ ಗಡಿಯಲ್ಲಿ ಸಿಎಚ್ ಪೌಡರ್ ಬೆರೆಸಿದ ಸೇಂದಿ ಹರಿದುಬರುತ್ತದೆ. ಸಿಎಚ್ ಎಂದರೆ ಕ್ಲೋರಲ್ ಹೈಡ್ರೇಟ್, ಹಳೆಯ ಕಾಲದ ನಿದ್ದೆ ಔಷಧ. ಕೆಟ್ಟ ಲಿವರಿನವರಿಗೆ ನಿದ್ದೆ ಔಷಧ ಕೊಟ್ಟರೆ ಏನಾಗುತ್ತದೋ ಆ ಸೇಂದಿ ಕುಡಿದರೂ ಅದೇ ಆಗುತ್ತದೆ. ಹಾಗೆಂದು ಸಿರೋಸಿಸ್ ಎಂದರೆ ಕುಡುಕರ ರೋಗ ಎಂದು ಬಗೆಯಬಾರದು. ಹೆಪಟೈಟಿಸ್ ಬಿ, ಸಿ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬಿನ ಲಿವರ್, ಇವೂ ಅಲ್ಲಿಗೇ ಕೊಂಡೊಯ್ಯುತ್ತವೆ. ಕುಡಿತ ಮುಟ್ಟದ ಹೆಣ್ಣುಮಕ್ಕಳೂ ಈ ಹಣೆಪಟ್ಟಿ ಹೊತ್ತು ಒಳಗೊಳಗೇ ನೋಯುತ್ತಾರೆ. ಹೆಪಟೈಟಿಸ್ ಬಿ, ಸಿ ತಪಾಸಣೆ ಮತ್ತು ಔಷಧ 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ.

ಏನಾಗಬೇಕು?

ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ರೋಗಿಗೆ ಎರಡೂ ಕೈ ಮುಂದೆ ಚಾಚಿ, ಅಂಗೈ ಹಿಂದಕ್ಕೆ ಬಗ್ಗಿಸಿ, ಬೆರಳು ಬಿಡಿಸಿ ಹಿಡಿಯಲು ಹೇಳಬೇಕು. ಮಂಕಿದ್ದರೆ ಕೆಲವು ಸೆಕೆಂಡಿಗೊಮ್ಮೆ ಅಂಗೈ ತಾನಾಗಿ ಮುಂದಕ್ಕೆ ಕಳಚಿಬಿದ್ದು ಮತ್ತೆ ಏಳುತ್ತದೆ. ಇನ್ನೂ ಮರೆಯಲ್ಲಿರುವ ಮಂಕಿಗೆ ಪ್ರಾಣಿಗಳ ಹೆಸರಿನ ಪರೀಕ್ಷೆ ಇದೆ: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ? ಹತ್ತಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆಯ ಗಂಟೆ; ವಯಸ್ಸು, ಓದು ನೋಡಿ ಲೆಕ್ಕ ಸರಿಹೊಂದಿಸಬೇಕು. ಅಕ್ಷರ ಬಾರದವರಿಗೂ ಇದು ನಡೆಯುತ್ತದೆ. ಆಕಳು, ಎಮ್ಮಿ, ಆಡು, ಕುರಿ ಎಂದು ಕನ್ನಡದಲ್ಲಿ, ಉರ್ದುವಿನಲ್ಲಿ, ಲಂಬಾಣಿಯಲ್ಲಿ, ಯಾವ ಭಾಷೆಯಲ್ಲಾದರೂ ಹೇಳಬಹುದು. ರಕ್ತದ ಅಮೋನಿಯಾ ಪರೀಕ್ಷೆಗೆ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಬೇಗ ಸಾಗಿಸಬೇಕು. ಅದು ಹೆಚ್ಚು ಬಂದ ಮಾತ್ರಕ್ಕೆ ರೋಗ ಖಚಿತವಾಗುವುದೂ ಇಲ್ಲ. ಆ ವರದಿಗಾಗಿ ಚಿಕಿತ್ಸೆ ತಡೆಯುವುದು ಸಲ್ಲ. ಸಕ್ಕರೆ ಇಳಿದಿರುವುದು, ತಲೆಗೆ ಪೆಟ್ಟು ಬಿದ್ದಿರುವುದು, ಸೋಡಿಯಂ ತಗ್ಗಿರುವುದು, ಕುಡಿತ ಬಿಟ್ಟಾಗಿನ ನಡುಕವೂ ಹೀಗೇ ಕಾಣಬಹುದು. ಆದ್ದರಿಂದ ಮಂಕಾದ ರೋಗಿಯನ್ನು ಮನೆಯಲ್ಲಿ ಇಟ್ಟುಕೊಂಡು ನಾಳೆ ನೋಡೋಣ ಎನ್ನುವಂತಿಲ್ಲ.

ಕಲಬುರಗಿಯಲ್ಲಿ ಜಿಮ್ಸ್ ಇದೆ, ಇಎಸ್‌ಐ ವೈದ್ಯಕೀಯ ಕಾಲೇಜು ಇದೆ, 1963ರಿಂದ ಮಹಾದೇವಪ್ಪ ರಾಂಪುರೆ ಕಾಲೇಜು ಇದೆ. ಹೈದರಾಬಾದಿಗೆ ಸೇಡಂ, ಚಿತ್ತಾಪುರದಿಂದ ನೇರ ರೈಲು ಇದೆ. ಆದರೆ ಚಿಂಚೋಳಿಯ ಕೊಂಚಾವರಂ ಕಾಡಂಚಿನ ತಾಂಡಾದಿಂದ ಅಲ್ಲಿಗೆ ತಲುಪುವಷ್ಟರಲ್ಲಿ ಎರಡನೆಯ ಹಂತ ನಾಲ್ಕನೆಯದಾಗಿರುತ್ತದೆ. ಹಾಗಾಗಿ ಮೊದಲ ಡೋಸ್ ಲ್ಯಾಕ್ಟುಲೋಸ್ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ನುಂಗಲಾಗದವರಿಗೆ ಎನಿಮಾ ಕೊಡುವುದು ಅಲ್ಲಿನ ನರ್ಸಿಗೆ ಗೊತ್ತಿರಬೇಕು. ಸಿರೋಸಿಸ್ ರೋಗಿಗಳ ಹೆಸರು ಆಶಾ ಕಾರ್ಯಕರ್ತೆಯ ವಹಿಯಲ್ಲಿ ಇರಬೇಕು. ಆಕೆ ತಿಂಗಳಿಗೊಮ್ಮೆ ಮನೆಗೆ ಹೋದಾಗ ನಾಲ್ಕೇ ಪ್ರಶ್ನೆ ಕೇಳಿದರೆ ಸಾಕು: ಸಂಡಾಸ್ ಎಷ್ಟು ಸಲ? ರಾತ್ರಿ ನಿದ್ದೆ ಇದೆಯೇ? ಬೇಳೆ ಉಣ್ಣುತ್ತಿದ್ದಾರೆಯೇ? ಸಿರಪ್ ಮುಗಿಯಲು ಬಂದಿದೆಯೇ? ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ವಿಜ್ಞಾನ ಕಲಿಸಿದ್ದು ಈ ನಾಲ್ಕು ಪ್ರಶ್ನೆಗಳಲ್ಲಿ ಅಡಗಿದೆ. ಇವನ್ನು ಕೇಳಲು ಖರ್ಚಿಲ್ಲ, ಕೇಳದೆ ಬಿಟ್ಟರೆ ತಪ್ಪಿಸಬಹುದಾಗಿದ್ದ ಸಾವುಗಳ ಹೊಣೆ ನಮ್ಮ ಮೇಲೇ ಬರುತ್ತದೆ.